ಫ್ಲಾಪ್‌ಗೆ ಮುಂಚೆಯೇ ಪದೇ ಪದೇ ಏರಿಸುವವನ ಎದುರು

"ಸರ್, ನಾನು ರೈಸ್ ಮಾಡಿದಾಗಲೆಲ್ಲ ಎಡಗಡೆ ಕೂತವನು ಮತ್ತೆ ಏರಿಸ್ತಾನೆ. ಏನ್ ಮಾಡೋದು?" ಪೋಕರ್ ಕಲಿಯಲು ಬರುವವರಿಂದ ನಾನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಫ್ಲಾಪ್, ಅಂದರೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ, ಬೀಳುವ ಮುಂಚೆ ಕೈಯಲ್ಲಿರುವ ಎರಡೆಲೆ ನೋಡಿ ಏರಿಸುವ ಹೊತ್ತಿನ ಮಾತಿದು. ಕೇಳುವವರು ಕಾರವಾರ, ಅಂಕೋಲಾ, ಕುಮಟಾದವರು. ಶಿರಸಿ ಕಡೆಯಿಂದ ಘಟ್ಟ ಇಳಿದು ಬರುವವರೂ ಇದ್ದಾರೆ. ದುಡ್ಡಿನ ಆನ್‌ಲೈನ್ ಆಟವನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದ ಮೇಲೆ ಹೆಚ್ಚಿನವರು ದುಡ್ಡಿಲ್ಲದ ಚಿಪ್ಸ್ ಇಟ್ಟುಕೊಂಡು ಅಭ್ಯಾಸ ಮಾಡುತ್ತಾರೆ. ಕೆಲವರು ಮಾಜಾಳಿ ಗಡಿ ದಾಟಿ, ಕಾಣಕೋಣ, ಮಡಗಾಂವ ಹಾದು ಪಣಜಿಗೆ ಹೋಗುತ್ತಾರೆ. ಮಾಂಡವಿ ನದಿಯ ಮೇಲಿನ ಕ್ಯಾಸಿನೊ ಹಡಗುಗಳಲ್ಲಿ ಆಡುತ್ತಾರೆ. ಎಲ್ಲಿ ಆಡಿದರೂ ಈ ಎಡಗಡೆಯವನು ಇದ್ದೇ ಇರುತ್ತಾನೆ.

ನಮ್ಮಲ್ಲಿ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡಿ ಬೆಳೆದವರಿಗೆ ಒಂದು ರೂಢಿ ಇದೆ. ಅಲ್ಲಿ ಯಾರಾದರೂ 18, 19 ಎಂದು ಕೂಗಿದರೆ ಅವರ ಕೈಯಲ್ಲಿ ಗುಲಾಮ, ಒಂಬತ್ತು ಇದೆ ಎಂದೇ ಲೆಕ್ಕ. ಕೂಗಿದಷ್ಟು ಗಳಿಸಿ ತೋರಿಸಬೇಕಲ್ವಾ? ಪೋಕರ್‌ನಲ್ಲಿ ಹಾಗಿಲ್ಲ. ಉಳಿದವರೆಲ್ಲ ಎಲೆ ಬಿಟ್ಟರೆ, ಏರಿಸಿದವನು ಏನನ್ನೂ ತೋರಿಸದೆ ಪಾಟ್ (ನಡುವೆ ಸೇರಿದ ಚಿಪ್ಸ್) ಎಳೆದುಕೊಳ್ಳುತ್ತಾನೆ. ಅದಕ್ಕೇ ಮರು ಏರಿಕೆಯನ್ನು, ಅಂದರೆ ತ್ರೀ-ಬೆಟ್ಟನ್ನು, ಬರೀ ಕೈಬಲದ ಗುರುತು ಎಂದು ನೋಡಬಾರದು. ಅದಕ್ಕೊಂದು ಬೆಲೆ ಇದೆ. ಮೊದಲು ಆ ಬೆಲೆಯ ಲೆಕ್ಕ ಹಾಕಬೇಕು.

ಬ್ಲೈಂಡ್, ಅಂದರೆ ಎಲೆ ನೋಡುವ ಮುಂಚೆ ಇಬ್ಬರು ಕಡ್ಡಾಯವಾಗಿ ಇಡುವ ಮೊತ್ತ, 100 ಮತ್ತು 200 ಎಂದುಕೊಳ್ಳಿ. ನೀವು ಕಟಾಫ್‌ನಲ್ಲಿ (ಬಟನ್‌ನ ಬಲ ಪಕ್ಕದ ಕುರ್ಚಿ) ಕೂತು 500ಕ್ಕೆ ಏರಿಸಿದಿರಿ. ಬಟನ್‌ನವನು (ಫ್ಲಾಪ್ ನಂತರ ಕೊನೆಗೆ ಆಡುವವನು) 1500 ಮಾಡಿದ. ಬ್ಲೈಂಡ್‌ನವರು ಬಿಟ್ಟರು. ನಿಮ್ಮ 500, ಬ್ಲೈಂಡ್‌ಗಳ 300 ಸೇರಿ 800 ಗೆಲ್ಲಲು ಅವನು 1500 ಇಟ್ಟಿದ್ದಾನೆ. ನೀವು ನೂರರಲ್ಲಿ 65ಕ್ಕಿಂತ ಜಾಸ್ತಿ ಸಲ ಬಿಟ್ಟರೆ ಸಾಕು, ಕೈಯಲ್ಲಿ ಏನೇ ಇರಲಿ, ಅವನಿಗೆ ಅಲ್ಲೇ ಲಾಭ. ಈಗ ನಿಮ್ಮ ಕಡೆ ನೋಡಿ. ಒಟ್ಟು 1326 ಬಗೆಯ ಎರಡೆಲೆ ಕೈಗಳಿವೆ. ಅದರಲ್ಲಿ ಕಾಲು ಭಾಗವನ್ನು ಏರಿಸುತ್ತೀರಿ ಎಂದರೆ ಸುಮಾರು 330 ಕೈ. ಎಕ್ಕದ ಜೊತೆ (ಎರಡು ಎಕ್ಕ), ರಾಜನ ಜೊತೆ, ರಾಣಿ ಜೊತೆ ಮತ್ತು ಎಕ್ಕ-ರಾಜ ಇವೆಲ್ಲ ಸೇರಿದರೆ 34. ಇವುಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರೆ ನೀವು ಹತ್ತರಲ್ಲಿ ಒಂಬತ್ತು ಸಲ ಬಿಟ್ಟ ಹಾಗೆ. ಅವನು ನಿಮ್ಮನ್ನು ಬಿಡುತ್ತಾನಾ?

ಅವನ ಕಡೆಯಿಂದಲೂ ಇದೇ ಎಣಿಕೆ ಮಾಡಿ. ಅವಕಾಶ ಸಿಕ್ಕಿದ ನೂರು ಸಲದಲ್ಲಿ ಹತ್ತು ಸಲ ತ್ರೀ-ಬೆಟ್ ಮಾಡುವವನು ಸುಮಾರು 133 ಕೈಗಳಿಂದ ಏರಿಸುತ್ತಿದ್ದಾನೆ. ಆ 34 ಭಾರಿ ಕೈಗಳು ಅದರಲ್ಲಿ ಕಾಲು ಭಾಗ ಅಷ್ಟೇ. ಉಳಿದ ಮುಕ್ಕಾಲು ಭಾಗವನ್ನು ಎದುರಿಸಲು ಆಗುತ್ತದೆ.

ಆದರೆ ಅವನು ನಿಜವಾಗಿ ಅಷ್ಟು ಏರಿಸುತ್ತಾನಾ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಇಲ್ಲಿ ನನ್ನ ವಿದ್ಯಾರ್ಥಿಗಳು ಬಹಳ ಅವಸರ ಮಾಡುತ್ತಾರೆ. ನೂರಕ್ಕೆ ಐದೇ ಸಲ ಏರಿಸುವ ಬಿಗಿ ಆಟಗಾರನೂ ಹತ್ತು ಅವಕಾಶದಲ್ಲಿ ಎರಡು ಅಥವಾ ಹೆಚ್ಚು ಸಲ ಏರಿಸುವ ಸಾಧ್ಯತೆ ನೂರಕ್ಕೆ ಒಂಬತ್ತರ ಹತ್ತಿರ ಇದೆ. ಸುಮ್ನೆ ಒಳ್ಳೆ ಎಲೆ ಬಂದಿರಬಹುದು. ಎಣಿಕೆಗಿಂತ ಅವನು ಕೊನೆಯಲ್ಲಿ ತೋರಿಸಿದ ಎಲೆಗಳನ್ನು ನಾನು ಹೆಚ್ಚು ನಂಬುತ್ತೇನೆ. ತ್ರೀ-ಬೆಟ್ ಮಾಡಿ ಕೊನೆಗೆ ಸೂಟೆಡ್ (ಒಂದೇ ಜಾತಿಯ) ಏಳು-ಆರು ತೋರಿಸಿದರೆ, ಆ ಒಂದು ಕೈ ಹತ್ತು ಏರಿಕೆಗಳಿಗಿಂತ ಜಾಸ್ತಿ ಹೇಳುತ್ತದೆ.

ಖಚಿತವಾದ ಮೇಲೆ ಮೊದಲ ಬದಲಾವಣೆ ಅವನು ಏರಿಸುವುದಕ್ಕೂ ಮುಂಚೆ ಆಗಬೇಕು. ಕುರ್ಚಿ ಖಾಲಿಯಾದರೆ ಎದ್ದು ಅವನ ಎಡಕ್ಕೆ ಹೋಗಿ ಕೂರಿ. ಆಗ ಹೆಚ್ಚಿನ ಕೈಗಳಲ್ಲಿ ಅವನು ನಿಮಗಿಂತ ಮೊದಲು ಆಡಬೇಕಾಗುತ್ತದೆ. ಇದಕ್ಕೆ ಪೈಸೆ ಖರ್ಚಿಲ್ಲ, ಆದರೂ ಯಾರೂ ಎದ್ದೇಳುವುದಿಲ್ಲ! ಕುರ್ಚಿ ಸಿಗದಿದ್ದರೆ ಏರಿಸುವ ಕೈಗಳನ್ನು ಕಡಿಮೆ ಮಾಡಿ. ಬೇರೆ ಬೇರೆ ಜಾತಿಯ ಎಕ್ಕ-ಎಂಟು, ರಾಜ-ಒಂಬತ್ತು, ರಾಣಿ-ಒಂಬತ್ತು ಇಂಥವನ್ನು ಕೆಳಗಿಡಿ. ಏರಿಸುವ ಮೊತ್ತವನ್ನೂ 500ರಿಂದ 400-450ಕ್ಕೆ ಇಳಿಸಬಹುದು. ಬಿಡಬೇಕಾಗಿ ಬಂದಾಗ ಕಳೆದುಕೊಳ್ಳುವುದು ಕಡಿಮೆ. ಸುಮ್ಮನೆ 200 ಹಾಕಿ ಫ್ಲಾಪ್ ನೋಡೋಣ ಎಂಬ ಆಸೆಯನ್ನಂತೂ ಬಿಟ್ಟುಬಿಡಿ. ಅಂಥವರನ್ನು ಹಿಂಡುವುದೇ ಅವನಿಗೆ ಇಷ್ಟದ ಕೆಲಸ.

ಇನ್ನು ಅವನು ಏರಿಸಿದ ಮೇಲೆ. ಇಲ್ಲಿ ನಿಮಗೆ ಗೊತ್ತಿರಬೇಕಾದ ಸಂಗತಿ ಒಂದೇ: ಅವನ ತ್ರೀ-ಬೆಟ್ ಮೇಲೆ ನೀವು ಮತ್ತೊಮ್ಮೆ ಏರಿಸಿದಾಗ, ಅಂದರೆ ಫೋರ್-ಬೆಟ್ ಮಾಡಿದಾಗ, ಅವನು ಏನು ಮಾಡುತ್ತಾನೆ? ಪದೇ ಪದೇ ಏರಿಸುವವರಲ್ಲಿ ಎರಡು ಜಾತಿ. ಏರಿಸಿ ಬಿಡುವವನು ಒಬ್ಬ, ಏರಿಸಿದ ಮೇಲೆ ಬಿಡದವನು ಇನ್ನೊಬ್ಬ. ಇಬ್ಬರಿಗೂ ಮದ್ದು ಪೂರ್ತಿ ಬೇರೆ. ಒಬ್ಬನ ಮದ್ದನ್ನು ಇನ್ನೊಬ್ಬನಿಗೆ ಕೊಟ್ಟರೆ ಸ್ಟ್ಯಾಕ್ (ನಿಮ್ಮ ಮುಂದಿರುವ ಚಿಪ್ಸ್) ಖಾಲಿ.

ಏರಿಸಿ ಬಿಡುವವನ ಎದುರು ಫೋರ್-ಬೆಟ್ ಬ್ಲಫ್ (ಕೈಬಲ ಇಲ್ಲದೆ ಏರಿಸಿ ಹೆದರಿಸುವುದು) ಚೆನ್ನಾಗಿ ನಡೆಯುತ್ತದೆ. 1500ರ ಮೇಲೆ ನೀವು 3500 ಮಾಡಿದಿರಿ ಎನ್ನಿ. 2300ರ ಪಾಟ್‌ಗೆ ಹೊಸದಾಗಿ 3000 ಇಟ್ಟ ಹಾಗೆ. ಅವನು ನೂರಕ್ಕೆ 57 ಸಲ ಬಿಟ್ಟರೆ ಸರಿದೂಗುತ್ತದೆ. ಇದಕ್ಕೆ ನಾನು ಹೇಳಿಕೊಡುವ ಕೈ ಸೂಟೆಡ್ ಎಕ್ಕ-ಐದು, ಎಕ್ಕ-ನಾಲ್ಕು. ಕಾರಣ ಇದೆ. ನಿಮ್ಮ ಕೈಯಲ್ಲಿ ಒಂದು ಎಕ್ಕ ಇದ್ದರೆ ಅವನಿಗೆ ಎಕ್ಕದ ಜೊತೆ ಬರುವ ದಾರಿ ಆರರಿಂದ ಮೂರಕ್ಕೆ ಇಳಿಯುತ್ತದೆ. ಎಕ್ಕ-ರಾಜ ಬರುವ ದಾರಿ ಹದಿನಾರರಿಂದ ಹನ್ನೆರಡಕ್ಕೆ ಇಳಿಯುತ್ತದೆ. ಆ 34 ಭಾರಿ ಕೈಗಳು 27 ಆದವು. ಅವನು ಅವುಗಳನ್ನು ಮಾತ್ರ ಹಿಡಿದು ಉಳಿದದ್ದನ್ನು ಬಿಡುವವನಾದರೆ, ಸುಮಾರು ಐದರಲ್ಲಿ ನಾಲ್ಕು ಸಲ ಬಿಡುತ್ತಾನೆ. ಬೇಕಾದದ್ದು 57, ಸಿಗುತ್ತಿರುವುದು 80ರ ಹತ್ತಿರ. ಒಂದು ವೇಳೆ ಅವನು ಕಾಲ್ ಮಾಡಿದರೂ, ಅಂದರೆ ಅಷ್ಟೇ ಮೊತ್ತ ಹಾಕಿ ಮುಂದುವರಿದರೂ, ನಿಮ್ಮ ಕೈಗೆ ಫ್ಲಶ್ (ಒಂದೇ ಜಾತಿಯ ಐದೆಲೆ), ಸ್ಟ್ರೈಟ್ (ಸಾಲಾದ ಐದೆಲೆ) ದಾರಿಗಳು ಉಳಿದಿರುತ್ತವೆ.

ಬಿಡದವನ ಎದುರು ಬ್ಲಫ್ ಅನ್ನು ಪೂರ್ತಿ ನಿಲ್ಲಿಸಿ. ಎಕ್ಕ-ಐದನ್ನು ಮಡಚಿ ಇಡಿ. ಬದಲಿಗೆ ಒಳ್ಳೆ ಕೈಗಳ ಗೆರೆಯನ್ನು ಕೆಳಗೆ ತನ್ನಿ. ಹತ್ತರ ಜೊತೆ, ಗುಲಾಮನ ಜೊತೆ, ಎಕ್ಕ-ರಾಣಿ ಇವುಗಳಿಂದಲೂ ಫೋರ್-ಬೆಟ್ ಮಾಡಬಹುದು. ಎಕ್ಕ-ಹತ್ತು, ಏಳರ ಜೊತೆ ಹಿಡಿದು ಅವನು ಕಾಲ್ ಮಾಡುತ್ತಾನೆ. ದುಡಿಮೆ ಇರುವುದು ಅಲ್ಲೇ. ಸಿಟ್ಟು ಬಂದವರು ಸಾಮಾನ್ಯವಾಗಿ ಇಂಥವನ ಮೇಲೇ ಬ್ಲಫ್ ಮಾಡಲು ಹೋಗುತ್ತಾರೆ. "ಇವನಿಗೊಂದು ಪಾಠ ಕಲಿಸ್ತೀನಿ" ಎನ್ನುವ ಮಾತು ತರಗತಿಯಲ್ಲಿ ಕೇಳಿದರೆ ಅಲ್ಲೇ ಆಟ ನಿಲ್ಲಿಸಿ ಲೆಕ್ಕ ಮತ್ತೆ ಬರೆಸುತ್ತೇನೆ.

ಕಾಲ್ ಮಾಡುವ ವಿಷಯ. ಅವನ 1500ಕ್ಕೆ ಸಮ ಮಾಡಲು ಇನ್ನು 1000 ಹಾಕಿದರೆ 3300ರ ಪಾಟ್, ಅಂದರೆ ನಿಮಗೆ ನೂರಕ್ಕೆ ಸುಮಾರು 30 ಪಾಲು ಗೆಲುವು ಸಿಕ್ಕರೆ ಸಾಕು. ಕಾಗದದ ಮೇಲೆ ಇದು ಸುಲಭ. ಆದರೆ ಅವನು ಬಟನ್‌ನಲ್ಲಿ ಇದ್ದರೆ ಫ್ಲಾಪ್, ಟರ್ನ್ (ನಾಲ್ಕನೇ ಎಲೆ), ರಿವರ್ (ಐದನೇ ಎಲೆ) ಮೂರರಲ್ಲೂ ನೀವೇ ಮೊದಲು ಮಾತಾಡಬೇಕು. ಆಗ ಪೂರ್ತಿ ಪಾಲು ಕೈಗೆ ಬರುವುದಿಲ್ಲ. ಅಲ್ಲಿ ಕಾಲ್ ಕಡಿಮೆ ಇರಲಿ. ಫೋರ್-ಬೆಟ್ ಅಥವಾ ಫೋಲ್ಡ್ (ಬಿಡುವುದು) ಹೆಚ್ಚಿರಲಿ. ಅವನು ಬ್ಲೈಂಡ್‌ನಿಂದ ಏರಿಸಿದರೆ ಕಥೆ ಉಲ್ಟಾ. ಕೊನೆಗೆ ಆಡುವವರು ನೀವು. ಸೂಟೆಡ್ ರಾಜ-ರಾಣಿ, ಎಕ್ಕ-ಗುಲಾಮ, ಗುಲಾಮ-ಹತ್ತು, ಎಂಟರಿಂದ ಹತ್ತರವರೆಗಿನ ಜೊತೆಗಳಿಂದ ಧೈರ್ಯವಾಗಿ ಕಾಲ್ ಮಾಡಿ.

ಎರಡರ ಜೊತೆ, ಮೂರರ ಜೊತೆಯಂಥ ಚಿಕ್ಕ ಜೊತೆಗಳ ಬಗ್ಗೆ ನನ್ನ ಮಾತನ್ನು ಮೊದಮೊದಲು ಯಾರೂ ಒಪ್ಪುವುದಿಲ್ಲ. ಇವುಗಳಿಗೆ ಫ್ಲಾಪ್‌ನಲ್ಲಿ ಮೂರನೇ ಎಲೆ ಕೂಡಿಬರುವುದು ಎಂಟೂವರೆ ಸಲಕ್ಕೆ ಒಮ್ಮೆ. ಆ ಒಂದು ಸಲ ದೊಡ್ಡ ಪಾಟ್ ಸಿಗಬೇಕು, ಇಲ್ಲದಿದ್ದರೆ ಉಳಿದ ಸಲದ ನಷ್ಟ ತುಂಬುವುದಿಲ್ಲ. ಬಿಗಿ ಆಟಗಾರನ ಬಳಿ ರಾಜನ ಜೊತೆ ಇರುತ್ತದೆ, ಅವನು ಕೊಡುತ್ತಾನೆ. ಪದೇ ಪದೇ ಏರಿಸುವವನ ಬಳಿ ಹೆಚ್ಚಿನ ಸಲ ಏನೂ ಇರುವುದಿಲ್ಲ. ನೀವು ಜೋರು ತೋರಿಸಿದ ಕೂಡಲೇ ಬಿಟ್ಟು ಹೋಗುತ್ತಾನೆ. ಅಂದರೆ ಅವನ ಕೈ ಸಡಿಲವಾದಷ್ಟೂ ಚಿಕ್ಕ ಜೊತೆಯ ಬೆಲೆ ಇಳಿಯುತ್ತದೆ.

ಕಾಲ್ ಮಾಡಿದ ಮೇಲೆ ಫ್ಲಾಪ್‌ನಲ್ಲಿ ಅವನು 3300ರ ಪಾಟ್‌ಗೆ 1100 ಹಾಕುವುದು ಮಾಮೂಲಿ. ನಿಮಗೆ ಬೇಕಾದದ್ದು ನೂರಕ್ಕೆ 20 ಪಾಲು ಗೆಲುವು. ಜೊತೆಯಲ್ಲದ ಕೈಗೆ ಫ್ಲಾಪ್‌ನಲ್ಲಿ ಜೊತೆ ಅಥವಾ ಅದಕ್ಕಿಂತ ಒಳ್ಳೆಯದು ಸಿಗುವುದು ಮೂರರಲ್ಲಿ ಒಂದೇ ಸಲ. ಸಿಗದ ಎರಡೂ ಸಲ ಬಿಟ್ಟರೆ ತ್ರೀ-ಬೆಟ್‌ಗೆ ಕಾಲ್ ಮಾಡಿದ್ದೇ ದಂಡ. ಒಂದು ದೊಡ್ಡ ಎಲೆ, ಸ್ಟ್ರೈಟ್‌ನ ಒಂದು ಸಣ್ಣ ದಾರಿ ಇದ್ದರೂ ಒಂದು ಬೆಟ್ ತಾಳಿಕೊಳ್ಳಿ.

ಸ್ಟ್ಯಾಕ್ ಚಿಕ್ಕದಾಗಿದ್ದರೆ ಈ ಲೆಕ್ಕ ಬದಲಾಗುತ್ತದೆ. ಟೂರ್ನಮೆಂಟ್‌ನಲ್ಲಿ 5000 ಉಳಿದಿದೆ, ಅಂದರೆ 25 ಬಿಗ್ ಬ್ಲೈಂಡ್ (ತಲಾ 200). ನೀವು 400 ಮಾಡಿದಿರಿ, ಅವನು 1200 ಮಾಡಿದ. ಇಲ್ಲಿ ಚಿಕ್ಕ ಫೋರ್-ಬೆಟ್‌ಗೆ ಜಾಗವಿಲ್ಲ, ಇರುವುದೆಲ್ಲ ನೂಕಬೇಕು. ಪಾಟ್‌ನ 1900ಕ್ಕಾಗಿ ನಿಮ್ಮ ಬಳಿ ಉಳಿದ 4600. ಬರೀ ಅವನು ಬಿಡುವುದನ್ನೇ ನಂಬಿದರೆ ನೂರಕ್ಕೆ 71 ಸಲ ಬಿಡಬೇಕು. ಆದರೆ ಸೂಟೆಡ್ ಎಕ್ಕ-ಐದು ಆ ಭಾರಿ ಕೈಗಳ ಎದುರೂ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ ಸಲ ಗೆಲ್ಲುತ್ತದೆ. ಹಾಗಾಗಿ ಅವನು ಅಷ್ಟು ಸಲ ಬಿಡದಿದ್ದರೂ ನಡೆಯುತ್ತದೆ. ಬಹುಮಾನದ ಗೆರೆ ಹತ್ತಿರ ಇದ್ದು, ನಿಮಗಿಂತ ಚಿಕ್ಕ ಸ್ಟ್ಯಾಕ್‌ನವರು ಇನ್ನೂ ಕೂತಿದ್ದರೆ ಮಾತ್ರ ಇದನ್ನು ಮಾಡಬೇಡಿ. ಅಲ್ಲಿ ಎಕ್ಕ-ಐದನ್ನು ಬಿಟ್ಟು ಮುಂದಿನ ಕೈಗೆ ಕಾಯಿರಿ.