ಕ್ವಾಂಟೈಲ್ ಮ್ಯಾಪಿಂಗ್: ನಾನು ಎಡವಿದ ಜಾಗ

ಹವಾಮಾನ ಮಾಡೆಲ್ ಅಂದರೆ ನೆಲವನ್ನು ಚೌಕಗಳಾಗಿ ಹಂಚಿ, ಚೌಕಕ್ಕೊಂದು ಮಳೆಯ ಅಂಕಿ ಕೊಡುವ ಕಂಪ್ಯೂಟರ್ ಲೆಕ್ಕ. ಜಾಗತಿಕ ಮಾಡೆಲ್‌ನ ಒಂದು ಚೌಕ ಸುಮಾರು 100 ಕಿ.ಮೀ. ಇರುತ್ತದೆ. ಪುಣೆ, ವಾಯಿ, ಮಹಾಬಳೇಶ್ವರ ಮೂರೂ ಒಂದೇ ಚೌಕಕ್ಕೆ ಬಿದ್ದುಬಿಡಬಹುದು. ಜುಲೈನಲ್ಲಿ ವಾಯಿಯಿಂದ ಬಸ್ಸಲ್ಲಿ ಪಸರಣಿ ಘಾಟ್ ಹತ್ತಿದವರಿಗೆ ಇದೆಂಥ ಎಡವಟ್ಟು ಅಂತ ಗೊತ್ತು. ಕೆಳಗೆ ಛತ್ರಿ ಚೀಲದಲ್ಲೇ ಇರುತ್ತದೆ, ಮೇಲೆ ಛತ್ರಿ ಬಿಚ್ಚಿದರೂ ತೊಯ್ಯುತ್ತೀರಿ. ಅದಕ್ಕೇ ಪ್ರಾದೇಶಿಕ ಮಾಡೆಲ್, ಒಂದು ಪ್ರದೇಶವನ್ನಷ್ಟೇ ಸಣ್ಣ ಚೌಕಗಳಲ್ಲಿ ಲೆಕ್ಕ ಹಾಕುವಂಥದ್ದು. ಇಲ್ಲೇ ಪುಣೆಯ ಪಾಷಾಣ್‌ನ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿದ ಕಾರ್ಡೆಕ್ಸ್ (ಪ್ರಾದೇಶಿಕ ಮಾಡೆಲ್‌ಗಳ ಅಂತರರಾಷ್ಟ್ರೀಯ ಯೋಜನೆ) ದಕ್ಷಿಣ ಏಷ್ಯಾ ಲೆಕ್ಕಗಳಲ್ಲಿ ಚೌಕ 50 ಕಿ.ಮೀ.

ಚೌಕ ಸಣ್ಣದಾದರೂ ತಪ್ಪು ಉಳಿಯುತ್ತದೆ. ಮಾಡೆಲ್‌ಗಳು ದಿನಾ ಜಿಟಿಜಿಟಿ ಸುರಿಸುತ್ತವೆ, ಜಡಿಮಳೆಯಲ್ಲಿ ಜಿಪುಣತನ ಮಾಡುತ್ತವೆ. ಇದನ್ನು ತಿದ್ದಲು ಕ್ವಾಂಟೈಲ್ ಮ್ಯಾಪಿಂಗ್: ಮಾಡೆಲ್‌ನ ಅಂಕಿ ತೆಗೆದು, ಸಾಲಿನಲ್ಲಿ ಅದೇ ಸ್ಥಾನದಲ್ಲಿರುವ ಅಳತೆಯ ಅಂಕಿ ಇಡುವುದು.

ನಾನು ಎಡವಿದ್ದು ಇಲ್ಲಿ. 2005ರ ಜುಲೈ 26ಕ್ಕೆ ಮುಂಬೈನ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ. ಮಾಡೆಲ್ ಫೈಲಿನಲ್ಲಿ ಅದೇ ತಾರೀಖು ತೆರೆದೆ. ನಾಲ್ಕು ಹನಿ! ಮಾಡೆಲ್ ದಂಡ ಅಂದುಕೊಂಡು ಎರಡು ದಿನ ಕಳೆದೆ. ಮಾಡೆಲ್‌ನ ತಾರೀಖು ನಮ್ಮ ತಾರೀಖಲ್ಲ. ಅದು ತನ್ನದೇ ಗಾಳಿಮಳೆ ನಡೆಸಿಕೊಂಡು ಹೋಗುತ್ತದೆ, ಆ ದಿನ ನಿಜವಾಗಿ ಏನಾಯಿತು ಅಂತ ಅದಕ್ಕೆ ಯಾರೂ ಹೇಳಿರುವುದಿಲ್ಲ. (ರೀಅನಾಲಿಸಿಸ್, ಅಂದರೆ ನಿಜವಾದ ಅಳತೆಗಳನ್ನು ಬೆರೆಸಿ ಮಾಡಿದ ಹಳೇ ಹವೆಯ ದಾಖಲೆ, ಕೊಟ್ಟು ಓಡಿಸಿದ್ದಾದರೆ ಬೇರೆ ಮಾತು.) ಹಾಗಾಗಿ ದಿನಕ್ಕೆ ದಿನ ಹೋಲಿಸಬಾರದು. 30 ವರ್ಷದ ದಿನಗಳನ್ನು ಮಾಡೆಲ್, ಅಳತೆ ಎರಡೂ ಕಡೆ ಸಣ್ಣ ಮಳೆಯಿಂದ ದೊಡ್ಡ ಮಳೆಗೆ ಸಾಲಾಗಿ ನಿಲ್ಲಿಸಿ, ಸ್ಥಾನಕ್ಕೆ ಸ್ಥಾನ ಹೋಲಿಸಬೇಕು. ಎ ಸೆಕ್ಷನ್ ಮೇಷ್ಟ್ರದು ಬಿಗಿ ಕೈ, ಬಿ ಸೆಕ್ಷನ್ ಮೇಷ್ಟ್ರದು ಧಾರಾಳ. ಆಗ ಅಂಕ ಬಿಟ್ಟು ರ್‍ಯಾಂಕ್ ನೋಡ್ತೀವಿ ಅಲ್ವಾ, ಹಾಗೆ.

ಸುಮ್ನೆ ಒಂದು ಲೆಕ್ಕ: ನೂರರಲ್ಲಿ 99ನೇ ಸ್ಥಾನದ ದಿನ. ಅಳತೆಯಲ್ಲಿ 80 ಮಿ.ಮೀ., ಮಾಡೆಲ್‌ನಲ್ಲಿ ಹಿಂದಿನ ವರ್ಷಗಳಿಗೆ 40, ಮುಂದಿನ ವರ್ಷಗಳಿಗೆ 50. ಮಾಡೆಲ್‌ನ ಹಳೇ ಸಾಲು 45ಕ್ಕೇ ಮುಗಿದಿದ್ದರೆ 50ಕ್ಕೆ ಜೋಡಿಯೇ ಸಿಗುವುದಿಲ್ಲ. ಆಗ ಕ್ವಾಂಟೈಲ್ ಡೆಲ್ಟಾ ಮ್ಯಾಪಿಂಗ್ ಬಳಸಿ: 50ನ್ನು 40ರಿಂದ ಭಾಗಿಸಿದರೆ 1.25, ಅದನ್ನು 80ಕ್ಕೆ ಗುಣಿಸಿದರೆ 100. ನನಗೆ ಇದೇ ಇಷ್ಟ, ಮಾಡೆಲ್ ಹೇಳಿದ ಬದಲಾವಣೆ ಕೆಡುವುದಿಲ್ಲ.

ತಿದ್ದಿದ ಮೇಲೆ ಗ್ರಾಫ್ ಅಳತೆಯ ಮೇಲೆ ಸರಿಯಾಗಿ ಕೂತಿತು. ಖುಷಿಯಾಯಿತು. ಕೂರದೆ ಏನು, ಉತ್ತರ ನೋಡಿಕೊಂಡೇ ಬರೆದದ್ದು! 1976–1990 ಕಲಿಸಿ, 1991–2005 ಮುಚ್ಚಿಟ್ಟು ಪರೀಕ್ಷಿಸಿದಾಗ ಅಷ್ಟು ಚೆಂದ ಕೂರಲಿಲ್ಲ.

ಇನ್ನು ಆ 1.25 ಒಂದೇ ಮಾಡೆಲ್‌ನ ಮಾತು. ಇನ್ನೊಂದು 0.9 ಅನ್ನಬಹುದು. ಆ ಜಗಳವನ್ನು ಮ್ಯಾಪಿಂಗ್ ಬಿಡಿಸುವುದಿಲ್ಲ. ಹಲವು ಮಾಡೆಲ್‌ಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿಂದ ಎಲ್ಲಿಯವರೆಗೆ ಹರಡಿವೆ ಅಂತಲೇ ಬರೆಯಬೇಕು.