ಸಿಎನ್‌ಎ ಅಂದರೆ ನರ್ಸಾ, ಆಯಾನಾ?

ಓದುಗರ ಪ್ರಶ್ನೆ: ಮದುವೆಯಾಗಿ ಅಮೆರಿಕಕ್ಕೆ ಬಂದು ಮೂರು ವರ್ಷ ಆಯ್ತು. ಈಗ ಕೆಲಸ ಮಾಡೋಕೆ ಅನುಮತಿ ಸಿಕ್ಕಿದೆ. ಹತ್ತಿರದಲ್ಲೇ ಸಿಎನ್‌ಎ (ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್, ಅಂದರೆ ನರ್ಸ್‌ಗೆ ನೆರವಾಗುವವರು) ಕೋರ್ಸ್ ಇದೆ, ಸೇರೋಣ ಅಂತಿದ್ದೀನಿ. ಹಾಸನದಲ್ಲಿರೋ ಅಮ್ಮ ಮಾತ್ರ ‘ಆಯಾ ಕೆಲಸಕ್ಕೆ ಅಷ್ಟು ದೂರ ಹೋಗಬೇಕಿತ್ತಾ?’ ಅಂತಾರೆ. ಇದು ನರ್ಸ್ ಕೆಲಸಾನಾ, ಆಯಾ ಕೆಲಸಾನಾ? ದಿನವಿಡೀ ಏನು ಮಾಡಬೇಕು?

ಉತ್ತರ: ನಿಮ್ಮ ಅಮ್ಮನ ಮಾತು ನನಗೆ ಹೊಸದಲ್ಲ. ಏಳು ವರ್ಷದ ಹಿಂದೆ ನಾನು ಕ್ಯಾಲಿಫೋರ್ನಿಯಾದ ಒಂದು ನರ್ಸಿಂಗ್ ಹೋಮ್ ಸೇರಿದಾಗ ನಮ್ಮತ್ತೆಯೂ ಇದನ್ನೇ ಕೇಳಿದ್ದರು. ಒಂದೇ ಮಾತಲ್ಲಿ ಹೇಳುವುದಾದರೆ, ಸಿಎನ್‌ಎ ನರ್ಸ್ ಅಲ್ಲ. ಆದರೆ ಸುಮ್ನೆ ಹೋಗಿ ಸೇರಿಕೊಳ್ಳುವ ಕೆಲಸವೂ ಅಲ್ಲ.

ಮೊದಲು ಜಾಗದ ಬಗ್ಗೆ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆಯೋ ಆಪರೇಷನ್ನೋ ಆಗುವ ಸಣ್ಣ ಖಾಸಗಿ ಆಸ್ಪತ್ರೆ. ಇಲ್ಲಿ ಹಾಗಲ್ಲ. ವಯಸ್ಸಾಗಿ, ಲಕ್ವ ಹೊಡೆದು, ಮರೆವಿನ ಕಾಯಿಲೆ ಬಂದು, ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಮನೆ ಅದು. ಅವರನ್ನು ರೋಗಿ ಅನ್ನುವುದಿಲ್ಲ, ರೆಸಿಡೆಂಟ್ ಅನ್ನುತ್ತಾರೆ. ಸಿಎನ್‌ಎಗಳು ಆಸ್ಪತ್ರೆಯಲ್ಲೂ ಇರುತ್ತಾರೆ, ಇಂಥ ಕಡೆಯೂ ಬಹಳ ಜನ ಇರುತ್ತಾರೆ.

1987ರ ಒಂದು ಕೇಂದ್ರ ಕಾನೂನು ಈ ಕೆಲಸಕ್ಕೆ ತರಬೇತಿಯನ್ನು ಕಡ್ಡಾಯ ಮಾಡಿತು. ಕನಿಷ್ಠ 75 ಗಂಟೆ ಕಲಿಯಬೇಕು. ಅದರಲ್ಲಿ 16 ಗಂಟೆಯಾದರೂ ನರ್ಸ್ ಕಣ್ಣೆದುರೇ ಕೈಯಾರೆ ಮಾಡಿ ಕಲಿಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಒಟ್ಟು ತರಬೇತಿಯೇ 160 ಗಂಟೆ. ಆಮೇಲೆ ಪ್ರಶ್ನೆಪತ್ರಿಕೆಯ ಪರೀಕ್ಷೆ ಒಂದು, ಕೆಲಸ ಮಾಡಿ ತೋರಿಸುವ ಪರೀಕ್ಷೆ ಒಂದು. ಎರಡರಲ್ಲೂ ಪಾಸಾದರೆ ರಾಜ್ಯದ ಪಟ್ಟಿಯಲ್ಲಿ ಹೆಸರು ಬರುತ್ತದೆ. ಸತತ ಎರಡು ವರ್ಷ ಸಂಬಳಕ್ಕೆ ಈ ಕೆಲಸ ಮಾಡದಿದ್ದರೆ ಮತ್ತೆ ತರಬೇತಿ ಪಡೆಯಬೇಕು ಇಲ್ಲವೇ ಪರೀಕ್ಷೆಯನ್ನಾದರೂ ಮತ್ತೆ ಬರೆಯಬೇಕು.

ಈಗ ದಿನಕ್ಕೆ ಬರೋಣ. ನನ್ನದು ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರ ಪಾಳಿ. ಹೋದ ಕೂಡಲೇ ರಾತ್ರಿ ಪಾಳಿಯವರಿಂದ ರಿಪೋರ್ಟ್ ತೆಗೆದುಕೊಳ್ಳುತ್ತೇನೆ. ಯಾರು ನಿದ್ದೆ ಮಾಡಲಿಲ್ಲ, ಯಾರು ಮೂತ್ರ ಮಾಡಲಿಲ್ಲ, ಯಾರು ಬಿದ್ದರು, ಎಲ್ಲ ತಿಳಿಯಬೇಕು. ಸಾಮಾನ್ಯವಾಗಿ ಎಂಟು ಹತ್ತು ಜನ ನನ್ನ ಪಾಲಿಗೆ. ಯಾರಾದರೂ ರಜೆ ಹಾಕಿದರೆ ಅವರ ಪಾಲೂ ನಮಗೇ.

ತಿಂಡಿಗೆ ಮುಂಚೆ ಅವರನ್ನೆಲ್ಲ ಎಬ್ಬಿಸಬೇಕು. ಮುಖ ತೊಳೆಸಿ, ಹಲ್ಲುಸೆಟ್ ತೊಳೆದು ಹಾಕಿ, ಬ್ರೀಫ್ (ಮೂತ್ರ ಹೀರುವ ಒಳಚಡ್ಡಿ) ಬದಲಿಸಿ, ಬಟ್ಟೆ ತೊಡಿಸಿ, ಗಾಲಿಕುರ್ಚಿಗೆ ಕೂರಿಸಬೇಕು. ಡೈಪರ್ ಅನ್ನುವ ಪದ ನಾವು ಬಳಸುವುದಿಲ್ಲ, ಅದು ಮಕ್ಕಳಿಗೆ. ಕುರ್ಚಿಯ ಬ್ರೇಕ್ ಹಾಕದೆ ಯಾರನ್ನೂ ಎತ್ತಬಾರದು. ಸ್ವಲ್ಪ ನಿಲ್ಲಬಲ್ಲವರಾದರೆ ಸೊಂಟಕ್ಕೆ ಗೇಟ್ ಬೆಲ್ಟ್ ಎಂಬ ಪಟ್ಟಿ ಕಟ್ಟಿ ಅದನ್ನು ಹಿಡಿದು ಎಬ್ಬಿಸುತ್ತೇವೆ. ಕಂಕುಳಿಗೆ ಕೈ ಹಾಕಿ ಎಳೆದರೆ ಅವರ ಭುಜ ಉಳುಕಬಹುದು. ನಿಲ್ಲಲಾಗದವರಿಗೆ ಹೋಯರ್ ಲಿಫ್ಟ್ ಎಂಬ ಯಂತ್ರ ಇದೆ, ಜೋಳಿಗೆಯಂಥ ಬಟ್ಟೆಯಲ್ಲಿ ಕೂರಿಸಿ ಎತ್ತುತ್ತದೆ. ಅದಕ್ಕೆ ಇಬ್ಬರು ಬೇಕು. ಒಬ್ಬರೇ ಮಾಡಿ ಅಂತ ಯಾರು ಅವಸರ ಮಾಡಿದರೂ ಒಪ್ಪಬೇಡಿ.

ಬಟ್ಟೆ ತೊಡಿಸುವುದರಲ್ಲೂ ಒಂದು ಕ್ರಮ ಇದೆ. ತೊಡಿಸುವಾಗ ಸೋತ ಕೈಗೆ ಮೊದಲು, ಬಿಚ್ಚುವಾಗ ಗಟ್ಟಿ ಕೈಯಿಂದ ಮೊದಲು. ಸೇರಿದ ಮೊದಲ ವಾರ ಲಕ್ವ ಹೊಡೆದಿದ್ದ ಒಬ್ಬ ತಾತನಿಗೆ ನಾನು ಅಂಗಿಯನ್ನು ಉಲ್ಟಾ ಕ್ರಮದಲ್ಲಿ ಹಾಕಿದೆ. ಅವರಿಗೆ ಮಾತು ಬರುತ್ತಿರಲಿಲ್ಲ, ಕಣ್ಣಲ್ಲಿ ನೀರು ಬಂತು. ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು ಯಾಕೆ ಅಂತ ಅವತ್ತು ಅರ್ಥ ಆಯ್ತು.

ಊಟ ಮಾಡಿಸುವುದಕ್ಕೆ ತಾಳ್ಮೆ ಬೇಕು. ಬೆನ್ನು ನೆಟ್ಟಗಿರುವಂತೆ ಕೂರಿಸಿ, ನಾವೂ ಅವರ ಕಣ್ಣಿನ ಮಟ್ಟಕ್ಕೆ ಕೂತು, ಒಂದು ತುತ್ತು ನುಂಗಿದ್ದು ನೋಡಿಯೇ ಇನ್ನೊಂದು ಕೊಡಬೇಕು. ಆದಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು, ಅನ್ನ ನೀರು ಶ್ವಾಸಕೋಶಕ್ಕೆ ಇಳಿದೀತು. ಎಷ್ಟು ತಿಂದರು, ಎಷ್ಟು ಮಿಲಿಲೀಟರ್ ಕುಡಿದರು, ಎಷ್ಟು ಮೂತ್ರ ಹೋಯಿತು, ಎಲ್ಲ ಬರೆಯಬೇಕು. ಇದಕ್ಕೆ ಚಾರ್ಟಿಂಗ್ ಅನ್ನುತ್ತೇವೆ. ನಾಡಿ, ಬಿಪಿ, ಜ್ವರ ನೋಡುವುದೂ ನಮ್ಮದೇ. ನಡುವೆ ರೆಸಿಡೆಂಟ್‌ಗಳು ನಮ್ಮನ್ನು ಕರೆಯಲು ಒತ್ತುವ ಕಾಲ್ ಲೈಟ್ ಹತ್ತುತ್ತಲೇ ಇರುತ್ತದೆ.

ಇಷ್ಟು ಕೇಳಿದರೆ ಅಮ್ಮ ‘ಮತ್ತೆ ಆಯಾ ಕೆಲಸಾನೇ ಅಲ್ವಾ?’ ಅನ್ನಬಹುದು. ಮೈ ತೊಳೆಸುವುದು ನಿಜ, ಮಲ ಮೂತ್ರ ತೆಗೆಯುವುದೂ ನಿಜ. ಆದರೆ ಕೈ ಅದನ್ನು ಮಾಡುವಾಗ ಕಣ್ಣು ಇನ್ನೇನನ್ನೋ ನೋಡುತ್ತಿರುತ್ತದೆ. ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ವಾಡಿಕೆ. ಮೂಳೆ ಹಾಸಿಗೆಗೆ ಒತ್ತಿದ ಕಡೆ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಬಾಲದ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಈ ಜಾಗಗಳಲ್ಲಿ ಮೊದಲು. ಸ್ನಾನ ಮಾಡಿಸುವಾಗ ಅಲ್ಲಿ ಕೆಂಪು ಕಂಡರೆ ಬೆರಳಿಂದ ಮೆಲ್ಲಗೆ ಒತ್ತುತ್ತೇನೆ. ಬೆಳ್ಳಗಾಗಿ ಮತ್ತೆ ಬಣ್ಣ ಬಂದರೆ ಅಷ್ಟು ಭಯವಿಲ್ಲ. ಒತ್ತಿದರೂ ಕೆಂಪು ಹೋಗದಿದ್ದರೆ ಅದು ಹಾಸಿಗೆ ಹುಣ್ಣಿನ ಶುರು, ಆಗಲೇ ನರ್ಸ್‌ಗೆ ಹೇಳಬೇಕು. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು. ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿಯೇ ತಿಳಿಯಬೇಕು. ಒಂದು ದಿನ ತಡವಾದರೂ ಚರ್ಮ ಒಡೆಯಬಹುದು. ರೆಸಿಡೆಂಟ್‌ಗಳ ಬೆನ್ನನ್ನು ಡಾಕ್ಟರ್ ದಿನಾ ನೋಡುವುದಿಲ್ಲ, ನಾವು ನೋಡುತ್ತೇವೆ.

ಹಾಗೆಯೇ ಮಾತು. ದಿನಾ ಮೊಮ್ಮಕ್ಕಳ ಕತೆ ಹೇಳುವ ಅಜ್ಜಿಯೊಬ್ಬರು ಒಂದು ಬೆಳಗ್ಗೆ ನನ್ನನ್ನೇ ಯಾರು ಅಂತ ಕೇಳಿದರು. ಕಾಫಿ ಮುಟ್ಟಲಿಲ್ಲ. ಜ್ವರ ಇರಲಿಲ್ಲ. ನರ್ಸ್‌ಗೆ ಹೇಳಿದೆ, ಪರೀಕ್ಷೆ ಮಾಡಿಸಿದರು, ಮೂತ್ರದ ಸೋಂಕು. ವಯಸ್ಸಾದವರಲ್ಲಿ ಸೋಂಕು ಹೀಗೆ ಬರೀ ಗೊಂದಲವಾಗಿ ಕಾಣಿಸಿಕೊಳ್ಳಬಹುದು. ನಿನ್ನೆ ಅವರು ಹೇಗಿದ್ದರು ಅಂತ ನನಗೆ ಗೊತ್ತಿತ್ತು, ಅದಕ್ಕೇ ಇವತ್ತಿನ ವ್ಯತ್ಯಾಸ ಗೊತ್ತಾಯ್ತು.

ಇಂಜೆಕ್ಷನ್ ನಮ್ಮ ಕೆಲಸವಲ್ಲ. ಮಾತ್ರೆಯೂ ಇಲ್ಲ, ಕೆಲವು ರಾಜ್ಯಗಳಲ್ಲಿ ಅದಕ್ಕೇ ಬೇರೆ ತರಬೇತಿ ಪಡೆದವರು ಕೊಡುತ್ತಾರೆ. ಕಾಯಿಲೆ ಇಂಥದ್ದು ಅಂತ ಮನೆಯವರಿಗೆ ಹೇಳುವುದೂ ನಮಗೆ ಸಲ್ಲದು. ಕಂಡದ್ದನ್ನು ಹೇಳಬೇಕು, ಕಾರಣವನ್ನು ನರ್ಸ್ ಹುಡುಕುತ್ತಾರೆ.

ಕಷ್ಟ ಮುಚ್ಚಿಡುವುದಿಲ್ಲ. ಸೊಂಟ ನೋವು ಬರುತ್ತದೆ. ಮರೆವಿನವರು ಹೊಡೆಯುವುದೂ ಉಂಟು. ಪ್ರೀತಿ ಬೆಳೆದವರು ತೀರಿಕೊಂಡಾಗ, ಅವರ ಮೈಯನ್ನು ಕೊನೆಯ ಸಲ ಒರೆಸುವುದೂ ನಾವೇ. ಸಂಬಳ 2023ರಲ್ಲಿ ದೇಶದ ಲೆಕ್ಕದಲ್ಲಿ ಗಂಟೆಗೆ 18 ಡಾಲರ್ ಆಸುಪಾಸು ಇತ್ತು. ಈ ಕೆಲಸಕ್ಕೆ ಅದು ಕಡಿಮೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಊರಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ ಬಂದು, ಇಲ್ಲಿಯ ಲೈಸೆನ್ಸ್ ಪರೀಕ್ಷೆಗೆ ಓದುತ್ತಾ ಈ ಕೆಲಸ ಮಾಡುವವರೂ ಇದ್ದಾರೆ.

ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ ಒಂದು ವಿಷಯ ಗಮನಿಸಿ. ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳ ಹಣ ಪಡೆಯುವ ನರ್ಸಿಂಗ್ ಹೋಮ್ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಂಡಿದ್ದರೆ ಅಥವಾ ಕೆಲಸ ಕೊಡುತ್ತೇವೆ ಅಂದಿದ್ದರೆ, ತರಬೇತಿ ಮತ್ತು ಪರೀಕ್ಷೆಗೆ ನಿಮ್ಮಿಂದ ಹಣ ಕೇಳುವಂತಿಲ್ಲ, ಪುಸ್ತಕಕ್ಕೂ ಕೇಳುವಂತಿಲ್ಲ. ನೀವೇ ಕಟ್ಟಿ ಕಲಿತು, ಮುಗಿಸಿದ 12 ತಿಂಗಳೊಳಗೆ ಅಂಥ ಕಡೆ ಸೇರಿದರೂ ಖರ್ಚು ವಾಪಸ್ ಪಡೆಯಲು ದಾರಿ ಇದೆ. ಸಂದರ್ಶನದ ದಿನವೇ ಕೇಳಿ, ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.