ಹಳೇ ಇಂಜಿನ್‌ಗೆ ಸಿಲ್ವರ್ ಪೇಂಟ್ ಬೇಡ

ನಮ್ಮ ವರ್ಕ್‌ಶಾಪಿಗೆ ಬರುವ ಹಳೆಯ ಪ್ರೀಮಿಯರ್ ಪದ್ಮಿನಿ ಕಾರುಗಳ ಬಾನೆಟ್ ಎತ್ತಿದರೆ ಹೆಚ್ಚುಕಮ್ಮಿ ಒಂದೇ ನೋಟ. ಇಂಜಿನಿನ ಒಡಲಾದ ಬ್ಲಾಕ್‌ಗೂ ಸಿಲ್ವರ್ ಪೇಂಟ್, ಅದರ ಮೇಲೆ ಕೂರುವ ಹೆಡ್‌ಗೂ ಸಿಲ್ವರ್ ಪೇಂಟ್, ಗಾಳಿ-ಹೊಗೆಯ ಕೊಳವೆಗಳಾದ ಮ್ಯಾನಿಫೋಲ್ಡ್‌ಗೂ ಅದೇ. ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಹೋಸ್ ಮೇಲೂ ನಾಲ್ಕು ಹನಿ ಬಿದ್ದಿರುತ್ತದೆ. ಮಾರುವ ಮೊದಲು ಯಾರೋ ಡಬ್ಬಿ, ಬ್ರಷ್ ಹಿಡಿದು ಅರ್ಧ ಗಂಟೆಯಲ್ಲಿ ಮುಗಿಸಿದ ಕೆಲಸ. ಅದನ್ನು ಸರಿಯಾಗಿ ತೆಗೆಯೋಕೆ ನಮಗೆ ವಾರಗಟ್ಟಲೆ ಬೇಕು.

ಮಾಲೀಕರು ಕೇಳುವುದು "ಹೊಸದರ ಹಾಗೆ ಹೊಳೀಬೇಕು" ಅಂತ. ಆದರೆ ಮುಂಬೈನ ಕುರ್ಲಾ ಕಾರ್ಖಾನೆಯಿಂದ ಹೊರಗೆ ಬಂದ ದಿನ ಆ 1089 ಸಿಸಿ ಇಂಜಿನ್ ಹೊಳೆಯುತ್ತಿರಲಿಲ್ಲ. ಅದರ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ, ಪೆಟ್ರೋಲಿಗೆ ಗಾಳಿ ಬೆರೆಸುವ ಸೋಲೆಕ್ಸ್ ಕಾರ್ಬುರೇಟರಿನ ಮೈ ಸತುವಿನ ಮಿಶ್ರಲೋಹ. ಮೂರೂ ಬೇರೆ ಬೇರೆ ರೀತಿಯಲ್ಲಿ ಮಂಕಾಗಿದ್ದವು. ಆ ಮೂರು ಮಂಕುಗಳನ್ನು ವಾಪಸ್ ತರುವುದೇ ನಮ್ಮ ಕೆಲಸ.

ಬಿಚ್ಚಿದ ತಕ್ಷಣ ತೊಳೆಯೋಕೆ ಹೋಗಬೇಡಿ. ಮೊದಲು ನೋಡಿ. ಇಂಜಿನ್ ಮೌಂಟಿಂಗಿನ ಹಿಂದೆ, ವಾಷರ್‌ಗಳ ಅಡಿಯಲ್ಲಿ, ಡೈನಮೋ ಬ್ರಾಕೆಟ್ ಬ್ಲಾಕಿಗೆ ಅಂಟಿಕೊಂಡಿದ್ದ ಜಾಗದಲ್ಲಿ ಬಿಸಿಲು, ಎಣ್ಣೆ, ಬ್ರಷ್ ಯಾವುದೂ ತಲುಪಿರುವುದಿಲ್ಲ. ಹಳೆಯ ಬಣ್ಣ ಉಳಿದಿದ್ದರೆ ಅಲ್ಲೇ. ಫೋಟೋ ತೆಗೆಯಿರಿ, ಬಣ್ಣದ ಒಂದು ಚೂರು ಎಬ್ಬಿಸಿ ಇಟ್ಟುಕೊಳ್ಳಿ. ಈ ಮಾದರಿ 1964ರಿಂದ ಸುಮಾರು 2000ದವರೆಗೆ ತಯಾರಾಯಿತು. ಅಷ್ಟು ವರ್ಷವೂ ಒಂದೇ ಬಣ್ಣ, ಒಂದೇ ಬೋಲ್ಟ್ ಬಂದಿದ್ದವು ಅಂದುಕೊಳ್ಳೋಕೆ ಆಗಲ್ಲ. ಸ್ನೇಹಿತರ ಗಾಡಿ ನೋಡಿ ಕಾಪಿ ಹೊಡೆಯುವುದಕ್ಕಿಂತ ನಿಮ್ಮದೇ ಬ್ರಾಕೆಟಿನ ಹಿಂಬದಿ ಹೆಚ್ಚು ನಂಬಿಕೆಗೆ ಅರ್ಹ.

ಇನ್ನು ತೊಳೆಯುವುದು. ಹೆಚ್ಚು ಹಾಳಾಗುವುದು ಇಲ್ಲೇ. ಬಹಳ ಗ್ಯಾರೇಜುಗಳಲ್ಲಿ ಒಂದು ಡ್ರಮ್ಮಿನಲ್ಲಿ ಕಾಸ್ಟಿಕ್ ಸೋಡಾ ನೀರು ಕುದಿಯುತ್ತಿರುತ್ತದೆ. ಕಬ್ಬಿಣದ ಬ್ಲಾಕ್‌ಗೆ ಅದು ಒಳ್ಳೆಯದೇ, ಗ್ರೀಸೂ ಪೇಂಟೂ ಎದ್ದು ಬರುತ್ತದೆ. ಅದೇ ಡ್ರಮ್ಮಿಗೆ ಅಲ್ಯೂಮಿನಿಯಂ ಹೆಡ್ ಇಳಿಸಿದರೆ ಕಥೆ ಮುಗೀತು. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಹೈಡ್ರೋಜನ್ ಗುಳ್ಳೆ ಬರುತ್ತದೆ, ಹೊರಗೆ ತೆಗೆದಾಗ ಮೈ ಕಪ್ಪಾಗಿ ತೂತು ತೂತಾಗಿರುತ್ತದೆ. ಗ್ಯಾಸ್ಕೆಟ್ ಕೂರುವ ಮುಖವೂ ಉಳಿಯಲ್ಲ. ಸತುವಿನ ಕಾರ್ಬುರೇಟರಿಗೂ ಇದೇ ಗತಿ. ಆಸಿಡ್ ಕೂಡ ಅದಕ್ಕೆ ಆಗದು.

ಕಬ್ಬಿಣದ ತುಕ್ಕಿಗೆ ನನಗಿಷ್ಟವಾದದ್ದು ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಎರಡು ಮೂರು ವಾರ ನೆನೆ ಹಾಕಿದರೆ ಸಾಕು. ತುಕ್ಕು ಬಿಡುತ್ತದೆ, ಗಟ್ಟಿ ಲೋಹಕ್ಕೆ ಅಷ್ಟಾಗಿ ಏನೂ ಆಗುವುದಿಲ್ಲ. ವಾಸನೆ ಮಾತ್ರ ತಡೆಯೋಕಾಗಲ್ಲ, ಮನೆ ಹತ್ತಿರ ಮಾಡಬೇಡಿ. ಅಲ್ಯೂಮಿನಿಯಂ, ಸತು ಇದರಲ್ಲೂ ಕೆಡುತ್ತವೆ. ವಾಷಿಂಗ್ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರ್ ಹಚ್ಚಿ ತುಕ್ಕು ತೆಗೆಯುವವರೂ ಇದ್ದಾರೆ. ಒಳ್ಳೆಯ ದಾರಿ. ಆದರೆ ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಹಾಕಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಸಾದಾ ಕಬ್ಬಿಣದ ತುಂಡು ಸಾಕು.

ಅಲ್ಯೂಮಿನಿಯಂ ಹೆಡ್ ವಿಷಯಕ್ಕೆ ಬಂದರೆ ಜನ ಎರಡು ತಪ್ಪು ಮಾಡುತ್ತಾರೆ. ಒಂದು ಬಫಿಂಗ್, ಅಂದರೆ ತಿರುಗುವ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡುವುದು. ಎರಕದ ಒರಟು ಮೈ ಸವೆದು ಕನ್ನಡಿಯಾದರೆ ಅದನ್ನು ಮತ್ತೆ ಒರಟು ಮಾಡೋಕೆ ಆಗಲ್ಲ. ಇನ್ನೊಂದು ಸ್ಯಾಂಡ್ ಬ್ಲಾಸ್ಟಿಂಗ್, ಗಾಳಿಯ ಒತ್ತಡದಲ್ಲಿ ಮರಳು ಎರಚುವುದು. ಮರಳು ಮೈಯನ್ನು ಕೊರೆಯುತ್ತದೆ, ಆಮೇಲೆ ಮುಟ್ಟಿದ ಬೆರಳಿನ ಗುರುತೂ ಅಲ್ಲೇ ಕೂರುತ್ತದೆ. ನಾನು ಸೂಚಿಸುವುದು ನೀರು ಬೆರೆಸಿದ ಬ್ಲಾಸ್ಟಿಂಗ್, ವೇಪರ್ ಬ್ಲಾಸ್ಟಿಂಗ್ ಅಂತಾರಲ್ಲ, ಅದು. ನೀರಿನ ಪದರ ಗಾಜಿನ ಮಣಿಯ ಏಟನ್ನು ಮೃದು ಮಾಡುತ್ತದೆ. ಮೈಯ ರಂಧ್ರ ಮುಚ್ಚಿಕೊಂಡು ಸ್ಯಾಟಿನ್ ಥರ ಕಾಣುತ್ತದೆ, ಎಣ್ಣೆ ಕಲೆಯೂ ಬೇಗ ಹಿಡಿಯಲ್ಲ. ಯಾವ ಬ್ಲಾಸ್ಟಿಂಗ್ ಆದರೂ ಮೊದಲು ಎಣ್ಣೆ ದಾರಿ, ನೀರಿನ ದಾರಿಗೆಲ್ಲ ಬಿರಡೆ ಹಾಕಿ. ಎಣ್ಣೆ ದಾರಿಯಲ್ಲಿ ಸಿಕ್ಕಿಕೊಂಡ ಒಂದು ಮಣಿ ಬೇರಿಂಗಿಗೆ ಹೋದರೆ ಅಂದದ ಇಂಜಿನ್ ಮತ್ತೆ ಬಿಚ್ಚಬೇಕು.

ಕಾರ್ಬುರೇಟರಿನ ಆ ಕಾಮನಬಿಲ್ಲು ಮಿಶ್ರಿತ ಹಳದಿ ಬಣ್ಣ ಪೇಂಟ್ ಅಲ್ಲ. ಎರಕದ ಭಾಗವನ್ನು ಡೈಕ್ರೋಮೇಟ್ ದ್ರಾವಣದಲ್ಲಿ ಅದ್ದಿದಾಗ ಸತುವಿನ ಮೇಲೆ ಹುಟ್ಟುವ ತೆಳುವಾದ ಪದರ ಅದು. ಗೋಲ್ಡ್ ಸ್ಪ್ರೇ ಹೊಡೆದರೆ ಪೆಟ್ರೋಲ್ ತಗುಲಿದ ಕಡೆ ಎದ್ದು ಹೋಗುತ್ತದೆ. ಆ ದ್ರಾವಣದಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು, ಮನೆಯಲ್ಲಿ ಬಕೆಟ್ ಇಟ್ಟು ಮಾಡುವ ಕೆಲಸವಲ್ಲ. ಮೂರು ವೇಲೆನ್ಸಿಯ ಕ್ರೋಮಿಯಂನಿಂದ ಇಂಥದೇ ರಕ್ಷಣೆಯ ಪದರ (ಪ್ಯಾಸಿವೇಶನ್) ಮಾಡುವ ಪ್ಲೇಟಿಂಗ್ ಅಂಗಡಿಯಲ್ಲಿ ಕೇಳಿ. ಹಳದಿ ಸ್ವಲ್ಪ ತೆಳುವಾಗಿ ಬರುತ್ತದೆ, ನನಗೆ ಅದು ಸಾಕು. ಇನ್ನೊಂದು ಮಾತು: ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ, ಅದು ನೀರು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಫ್ಲೋಟ್ ಬೌಲ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿ ಮಾಡಿಡದಿದ್ದರೆ ಬಿಳಿ ಪುಡಿ ಕಟ್ಟುತ್ತದೆ.

ಬೋಲ್ಟ್‌ಗಳು ನೋಡೋಕೆ ಚಿಕ್ಕವು, ಅಪಾಯ ಮಾತ್ರ ಜಾಸ್ತಿ ಅವುಗಳಲ್ಲೇ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಂಥ ಕಡೆ ಬೋಲ್ಟ್ ತುಂಬಿದ ಚೀಲ ಕೊಟ್ಟರೆ ಎಲ್ಲವನ್ನೂ ಒಟ್ಟಿಗೆ ಬ್ಯಾರೆಲ್‌ಗೆ ಹಾಕಿ ಯೆಲ್ಲೋ ಜಿಂಕ್ (ಹಳದಿ ಸತುವಿನ ಲೇಪ) ಮಾಡಿ ಕೊಡುತ್ತಾರೆ. ಬ್ರಾಕೆಟ್ ಬೋಲ್ಟ್‌ಗಳಿಗೆ ಸರಿ. ಕನೆಕ್ಟಿಂಗ್ ರಾಡ್ ಬೋಲ್ಟ್, ವಾಲ್ವ್ ಸ್ಪ್ರಿಂಗ್ ಥರದ ಗಡಸು ಉಕ್ಕನ್ನು ಆ ಚೀಲಕ್ಕೆ ಹಾಕಲೇಬೇಡಿ. ಆಸಿಡ್ ತೊಳೆತ ಮತ್ತು ಪ್ಲೇಟಿಂಗ್ ವೇಳೆ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಬಿಗಿ ಮಾಡಿದ ಮೇಲೆ, ಕೆಲವೊಮ್ಮೆ ದಿನಗಳ ನಂತರ, ಯಾವ ಸೂಚನೆಯೂ ಕೊಡದೆ ಬೋಲ್ಟ್ ತುಂಡಾಗಬಹುದು. 10.9 ದರ್ಜೆಯ ಮತ್ತು ಅದಕ್ಕಿಂತ ಗಡಸು ಬೋಲ್ಟ್ ಪ್ಲೇಟ್ ಮಾಡಲೇಬೇಕಾದರೆ ಅದಾದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಬೇಯಿಸಬೇಕು. ಅಂಗಡಿಯವರು "ಏನೂ ಆಗಲ್ಲ ಸರ್" ಅಂದರೆ ಚೀಲ ವಾಪಸ್ ತಗೊಳ್ಳಿ. ಇಂಥವಕ್ಕೆ ಕಪ್ಪಾಗಿ ಎಣ್ಣೆ ಹಿಡಿದಿಟ್ಟುಕೊಳ್ಳುವ ಬ್ಲ್ಯಾಕನಿಂಗ್ ಸಾಕು. ಅಂದ ಹಾಗೆ, 10 ಮೈಕ್ರಾನ್ ಲೇಪ ಹಾಕಿದರೆ ಥ್ರೆಡ್ಡಿನ ಪಿಚ್ ವ್ಯಾಸ (ಹಲ್ಲುಗಳ ನಡುಮಟ್ಟದಲ್ಲಿ ಅಳೆಯುವ ವ್ಯಾಸ) ಸುಮಾರು 40 ಮೈಕ್ರಾನ್ ಹೆಚ್ಚುತ್ತದೆ. ಸಣ್ಣ ಥ್ರೆಡ್ಡಿನ ನಟ್ ಅರ್ಧಕ್ಕೇ ನಿಂತರೆ ಕಾರಣ ಅದೇ.

ಹಳೆಯ ವಿದೇಶಿ ಗಾಡಿಗಳಲ್ಲಿ ಕ್ಯಾಡ್ಮಿಯಂ ಲೇಪದ ಬೋಲ್ಟ್ ಸಿಗುತ್ತವೆ, ಬೆಳ್ಳಿಗಿಂತ ಸ್ವಲ್ಪ ಮಂಕು. ಜಾಮ್ ಆಗಿದ್ದರೂ ಗ್ಯಾಸ್ ಟಾರ್ಚ್ ಇಡಬೇಡಿ, ಹೊಗೆ ವಿಷ. ಲೇತಿಗೆ ವೈರ್ ಬ್ರಷ್ ಕಟ್ಟಿ ಉಜ್ಜುವುದೂ ಬೇಡ.

ಇಂಜಿನ್ ನಂಬರ್ ಕೊರೆದ ಜಾಗಕ್ಕೆ ಯಾವ ಬ್ಲಾಸ್ಟಿಂಗೂ ಬೇಡ, ಮೊದಲೇ ಟೇಪ್ ಹಚ್ಚಿ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಬೇಕಾದರೆ ಚಾಸಿ, ಬಾಡಿ, ಇಂಜಿನ್ ಮಾರ್ಪಾಡಾಗಿರಬಾರದು. ಸವೆದ ನಂಬರ್ ಹಿಡಿದುಕೊಂಡು ಆರ್‌ಟಿಒ ಕಚೇರಿಗೆ ಅಲೆಯುವುದು ಯಾರಿಗೂ ಬೇಡ.

ಕೊನೆಯದು ಎಕ್ಸಾಸ್ಟ್ ಮ್ಯಾನಿಫೋಲ್ಡ್. ಮೂಲದಲ್ಲಿ ಅದು ಬರಿಯ ಎರಕದ ಕಬ್ಬಿಣ, ಮಳೆಗಾಲದಲ್ಲಿ ಎರಡೇ ದಿನಕ್ಕೆ ಕೆಂಪಾಗುತ್ತದೆ. ಓಡಿಸದ ಷೋ ಗಾಡಿಗೆ ಗ್ರಾಫೈಟ್ ಪೇಸ್ಟ್ ಉಜ್ಜುತ್ತೇನೆ, ಓಡುವ ಗಾಡಿಗೆ ಕಬ್ಬಿಣದ ಬಣ್ಣದ ಹೈ ಹೀಟ್ ಪೇಂಟ್. ಈ ಪೇಂಟ್ ನೆರಳಲ್ಲಿ ಒಣಗಿದರೆ ಸಾಲದು, ಶಾಖದಲ್ಲೇ ಗಟ್ಟಿಯಾಗಬೇಕು. ಡಬ್ಬಿಯ ಮೇಲೆ ಬರೆದ ಕ್ರಮದಲ್ಲಿ ಮೊದಲು ಸ್ವಲ್ಪ ಹೊತ್ತು ಐಡಲಿಂಗ್, ಆರಲು ಬಿಡುವುದು, ಮತ್ತೆ ಇನ್ನಷ್ಟು ಹೊತ್ತು. ಆಗ ಹೊಗೆ ಬರುತ್ತದೆ, ಗಾಬರಿ ಬೇಡ. ಶೆಡ್ಡಿನ ಬಾಗಿಲು ತೆಗೆದಿಡಿ.